ಹಾಸಿಗೆ ಸರಿಮಾಡಿದ ಅತಿಥಿ

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ತಾಯಿ, ಮಗಳು ಕೂತಿದ್ದರು. ಕಡಲ ತೀರದ ದುಬಾರಿ ಹೋಟೆಲೊಂದರಲ್ಲಿ ಎರಡು ದಿನ ಇದ್ದು ಮನೆಗೆ ಮರಳುತ್ತಿದ್ದರು. ತಾಯಿ ಆಸ್ಪತ್ರೆಯಲ್ಲಿ ಆಯಾ ಎಂಬುದು ಅವರ ಮಾತಿನಿಂದಲೇ ತಿಳಿಯಿತು.

“ಸಿನಿಮಾದವರು ಬಂದಿಳಿಯೋ ಹೋಟೆಲ್ ಅಮ್ಮ ಅದು. ಅಲ್ಲೂ ಹಾಸಿಗೆ ಸರಿಮಾಡ್ತಾ ಕೂತ್ಯಲ್ಲ.”

“ಎದ್ದ ತಕ್ಷಣ ಕೈ ತಾನಾಗೇ ಹೋಗುತ್ತೆ ಕಣೆ. ವಾರ್ಡಿನ ಅಭ್ಯಾಸ.”

“ನೀನು ಬಿಗಿಯಾಗಿ ಹಾಸಿದ್ದು ನೋಡಿ, ಹೋಟೆಲಿನವರು ರಾತ್ರಿ ಯಾರೂ ಮಲಗೇ ಇಲ್ಲ ಅಂದ್ಕೊಂಡ್ರು. ರೂಮು ಹಿಡಿಸಲಿಲ್ವಾ ಅಂತ ಮ್ಯಾನೇಜರ್ ಫೋನ್ ಮಾಡಿದ್ರು. ನನ್ನ ಮಾನ ಹೋಯ್ತು.”

“ನೆಲಾನೂ ಒರೆಸಿದ್ದೆ ಅಂತ ಹೇಳಬೇಕಿತ್ತು.”

“ನಗಬೇಡ. ನೀನು ಸುಮ್ನೆ ಕೂತಿರೋದನ್ನ ಒಂದ್ಸಲ ನೋಡ್ಬೇಕು ಅಂತಲೇ ಕರ್ಕೊಂಡು ಹೋಗಿದ್ದು. ಸಮುದ್ರಾನಾದ್ರೂ ನೋಡಿದ್ಯಾ?”

“ನೋಡಿದೆ. ನೀನು ಈಜೋಕೆ ಹೋದಾಗ ರೂಮು ಕ್ಲೀನ್ ಮಾಡೋ ಹುಡುಗಿ ಬಂದ್ಲು. ತುಂಬು ಬಸುರಿ. ಮಾಡೋಕೆ ಕೆಲಸ ಏನೂ ಉಳಿದಿರಲಿಲ್ಲ. ಬಾಗಿಲು ಹಾಕಿ, ಬಾಲ್ಕನೀಲಿ ಪಕ್ಕದಲ್ಲಿ ಕೂರಿಸಿಕೊಂಡೆ.”

“ಅವಳು ಕೂತ್ಲಾ?”

“ಮೊದಲು ಹೆದರಿದ್ಲು. ಆಮೇಲೆ ಕಾಲು ಚಾಚಿದ್ಲು. ಕೆಲಸಕ್ಕೆ ಸೇರಿದ ಮೇಲೆ ಕೂತು ಸಮುದ್ರ ನೋಡಿದ್ದು ಅದೇ ಮೊದಲಂತೆ. ನಾನೂ ಹಾಗೆ ಕೂತು ಎಷ್ಟು ಕಾಲ ಆಗಿತ್ತೋ.”

ಅವರ ಸ್ಟಾಪು ಬಂದಾಗ ಮಗಳು ತಾಯಿಯ ಚೀಲವನ್ನೂ ತಾನೇ ಎತ್ತಿಕೊಂಡಳು.

“ಮುಂದಿನ ವರ್ಷ ಮತ್ತೆ ಹೋಗೋಣ್ವಾ ಅಮ್ಮ?”

“ಅದೇ ರೂಮು ಕೊಡ್ತಾರಾ ಕೇಳು” ಎನ್ನುತ್ತ ತಾಯಿ ಮೆಟ್ಟಿಲಿಳಿದರು.