ಒಂದೇ ಕಂಬಳಿಯ ಏಳು ಮಂದಿ

ಕೂತವರು ಕೂತಲ್ಲೇ ಇರಿ, ನಿಂತವರು ಗೋಡೆಗೆ ಒರಗಿಕೊಳ್ಳಿ. ಈ ಕಥೆಯನ್ನು ನನ್ನಷ್ಟು ಚೆನ್ನಾಗಿ ಹೇಳುವವನು ಸುತ್ತಿನ ಏಳು ಹೋಬಳಿಯಲ್ಲಿ ಇಲ್ಲ. ಇದ್ದರೆ ಕರಕೊಂಡು ಬನ್ನಿ, ಅವನಿಗೂ ನಾನೇ ಕಲಿಸಿರುತ್ತೇನೆ.

ಯಾವ ಕಾಲ ಅಂತ ಕೇಳಬೇಡಿ, ಯಾವ ಸೀಮೆ ಅಂತ ಕೇಳಬೇಡಿ. ಒಂದು ರಾಜ್ಯ ಇತ್ತು, ಅಲ್ಲೊಬ್ಬ ರಾಜ ಇದ್ದ. ರಾಜ ಅಂದಮೇಲೆ ಅವನೇ ಆಳುತ್ತಿದ್ದ ಅಂದುಕೊಂಡಿರಾ? ಇಲ್ಲಪ್ಪ. ಅವನು ಕಿರೀಟ ಹೊರುತ್ತಿದ್ದ, ಮುದ್ರೆ ಒತ್ತುತ್ತಿದ್ದ. ಯಾವುದಕ್ಕೆ ಒತ್ತಬೇಕು ಅನ್ನುವುದನ್ನು ಒಂದು ಕಂಬಳಿ ತೀರ್ಮಾನ ಮಾಡುತ್ತಿತ್ತು.

ಕಂಬಳಿಯಾ ಅಂತ ನಗಬೇಡಿ, ಕೇಳಿ. ಊರೂರಿನವರು ಆರಿಸಿ ಕಳಿಸಿದ ನೂರು ಮಂದಿಯದು ಒಂದು ಸಭೆ. ಆ ಸಭೆಯಲ್ಲಿ ಹೆಚ್ಚು ಮಂದಿ ಯಾರನ್ನು ನಂಬುತ್ತಾರೋ ಅವರೇ ಪ್ರಧಾನಿ. ಪ್ರಧಾನಿ ಆರು ಮಂದಿಯನ್ನು ಆರಿಸಿಕೊಂಡು ಮಂತ್ರಿ ಮಾಡಬೇಕು. ಕೋಣೆಯಲ್ಲಾಗಲಿ ಸಭೆಯಲ್ಲಾಗಲಿ, ಏಳು ಜನಕ್ಕೂ ಸೇರಿ ಕೂರಲು ಒಂದೇ ಕರಿ ಕಂಬಳಿ. ಕದ ಮುಚ್ಚಿದ ಕೋಣೆಯಲ್ಲಿ ಅದರ ಮೇಲೆ ಕೂತು ಎಷ್ಟು ಬೇಕಾದರೂ ಜಗಳ ಆಡಬಹುದು. ಕದ ತೆರೆದ ಮೇಲೆ ಏಳು ಬಾಯಿಗೂ ಒಂದೇ ಮಾತು. ಒಪ್ಪದವನು ಕಂಬಳಿ ಬಿಟ್ಟು ಹೋಗಬೇಕು. ಸಭೆಗೆ ನಂಬಿಕೆ ಹೋಯಿತೋ, ಸಭೆಯವರೇ ಬಂದು ಕಂಬಳಿಯ ಅಂಚು ಹಿಡಿದು ಎತ್ತುತ್ತಾರೆ. ಆಗ ಒಬ್ಬ ಎದ್ದರೆ ಸಾಲದು, ಏಳು ಜನವೂ ಎದ್ದು ಮನೆಗೆ ನಡೆಯಬೇಕು.

ಆಗ ಪ್ರಧಾನಿ ಹೊನ್ನವ್ವ. ದಾರಿ, ಸೇತುವೆ ನೋಡಿಕೊಳ್ಳುವ ಮಂತ್ರಿ ಬೊಮ್ಮಣ್ಣ, ಹಳ್ಳಿಯಿಂದ ಬಂದ ಚಿಗುರುಮೀಸೆಯವನು. ಕೆಲಸಗಾರ, ಇಲ್ಲ ಅನ್ನೋಣವೇ? ಆದರೆ ಬಾಯಿ ತೆರೆದರೆ ಬರೀ ನಾನು. ಸೇತುವೆ ಕಟ್ಟಿದ್ದು ನಾನು, ಗುಡ್ಡ ಕಡಿದಿದ್ದು ನಾನು, ಅದರ ಮೇಲೆ ಮಳೆ ಬಂದಿದ್ದೂ ನನ್ನಿಂದ.

ಒಂದು ಮಳೆಗಾಲ ಬೊಮ್ಮಣ್ಣ ಸಂತೆಯೂರಿಗೆ ನೇರ ದಾರಿ ಹಾಕಲು ಜಾಗ ನೋಡಿಬಂದ. ನಡುವೆ ಒಂದು ದೊಡ್ಡ ಗುಂಡಿ, ತುಂಬಾ ಹುಲ್ಲು, ಒಂದು ನರಪಿಳ್ಳೆ ಇಲ್ಲ. ಪಾಳು ಗುಂಡಿ, ಮುಚ್ಚಿದರಾಯಿತು ಅಂದ. ಕೋಣೆಯಲ್ಲಿ ಹೊನ್ನವ್ವ ಒಂದೇ ಮಾತು ಕೇಳಿದಳು, ಅಲ್ಲಿಯವರನ್ನು ವಿಚಾರಿಸಿದೆಯಾ ಅಂತ. ಯಾರನ್ನು ವಿಚಾರಿಸಲಿ, ಹುಲ್ಲನ್ನಾ ಅಂದ ಬೊಮ್ಮಣ್ಣ. ಉಳಿದ ಐವರೂ ನಕ್ಕು ಅವನ ಕಡೆಗೇ ವಾಲಿದರು. ಹೊನ್ನವ್ವ ಬೇಡ ಅಂದಳು, ಬೇಡ ಅಂದಳು, ಮೂರನೇ ಸಲವೂ ಬೇಡ ಅಂದಳು. ಆರು ಜನ ಬೇಕು ಅಂದರು. ಸರಿ ಅಂದು ಕದ ತೆರೆದಳು. ರಾಜ ಮುದ್ರೆ ಒತ್ತಿದ.

ಮಳೆ ನಿಂತಿತು, ಗುಂಡಿ ಮುಚ್ಚಿತು, ದಾರಿ ಎದ್ದಿತು. ಬಿಸಿಲು ಬಲಿತ ಮೇಲೆ ಕುಂಬಾರರು ಗುದ್ದಲಿ ಹಿಡಿದು ಬಂದರು. ಮಳೆಗಾಲದಲ್ಲಿ ಗಡಿಗೆ ಮಾಡುವ ಅವರ ತಿಗರಿ ತಿರುಗುವುದಿಲ್ಲ, ಹಸಿ ಗಡಿಗೆ ಒಣಗುವುದಿಲ್ಲ, ಮಣ್ಣಿನ ಗುಂಡಿಯ ಕಡೆ ಯಾರೂ ಸುಳಿಯುವುದಿಲ್ಲ. ನಲವತ್ತು ಮನೆಯ ಅನ್ನ ಆ ಗುಂಡಿಯಲ್ಲಿತ್ತು. ಈಗ ಅದರ ಮೇಲೆ ಗಾಡಿ ಓಡುತ್ತಿತ್ತು.

ಸುದ್ದಿ ಬೊಮ್ಮಣ್ಣನಿಗೆ ಮುಟ್ಟಿತು. ಹೊನ್ನವ್ವ ಒಂದು ಹೆಸರು ಹೇಳಿದರೆ ಅವನ ಮಾನ ಮಣ್ಣುಪಾಲು, ಅವಳ ಕಂಬಳಿ ಭದ್ರ. ಹೇಳದಿದ್ದರೆ ಏಳು ಜನವೂ ಬೀದಿಗೆ.

ಮೊದಲು ರಾಜ ಕರೆಸಿದ. ಒಬ್ಬನ ಹೆಸರು ಹೇಳು ಹೊನ್ನವ್ವ, ಅವನೊಬ್ಬನನ್ನು ಕಳಿಸಿಬಿಡೋಣ, ಯಾರ ಮಾತು ಇದು ಅಂದ.

"ನಮ್ಮ ಮಾತು, ಪ್ರಭುಗಳೆ."

ಆಮೇಲೆ ಸಭೆಯಲ್ಲಿ ಎದುರು ಸಾಲಿನ ಮುಖಂಡ ಕೆಂಚಪ್ಪಯ್ಯ ಎದ್ದ. ಕಂಬಳಿಯಲ್ಲಿ ಒಂದು ತಿಗಣೆ ಇದ್ದಂಗಿದೆ, ತೋರಿಸಿ ತಾಯಿ, ಹೆಕ್ಕಿ ಬಿಸಾಡೋಣ, ಯಾರ ಮಾತು ಇದು ಅಂದ. ಸಭೆ ಗೊಳ್ಳೆಂದಿತು.

"ನಮ್ಮ ಮಾತು, ಕೆಂಚಪ್ಪಯ್ಯನವರೆ."

ಕೊನೆಗೆ ಅದೇ ಸಭೆಗೆ ಕುಂಬಾರರ ಹಿರಿಯಳು ಈರಕ್ಕ ಬಂದಳು. ಅವಳ ಅಂಗೈ ಒಣಗಿತ್ತು. ಮಣ್ಣು ಮೆತ್ತಿರಬೇಕಾದ ಕೈ ಅದು.

"ನೀನೂ ನನ್ನ ಗಡಿಗೆಯ ನೀರು ಕುಡಿದವಳೇ ಕಣವ್ವ. ಯಾರ ಮಾತು ಇದು?"

ಬೊಮ್ಮಣ್ಣ ಏಳಲು ಹೋದ. ಹೊನ್ನವ್ವ ಅವನ ಮಂಡಿಯ ಮೇಲೆ ಕೈಯಿಟ್ಟು ಕೂರಿಸಿದಳು.

"ನಮ್ಮ ಮಾತು ಈರಕ್ಕ. ತಪ್ಪೂ ನಮ್ಮದೇ. ಬರುವ ಹುಣ್ಣಿಮೆಯೊಳಗೆ ನಿನ್ನ ತಿಗರಿ ತಿರುಗದಿದ್ದರೆ ಕಂಬಳಿ ಎತ್ತಲಿ."

ಸಭೆ ಗಡುವು ಕೊಟ್ಟಿತು. ಕೆಂಚಪ್ಪಯ್ಯ ಮಾತ್ರ ಅಂಚು ಹಿಡಿದೇ ಇರುತ್ತೇನೆ ಅಂದ.

ಕೋಣೆಗೆ ಬಂದು ಕದ ಮುಚ್ಚಿದ ಮೇಲೆ ಬೊಮ್ಮಣ್ಣ ಹೊನ್ನವ್ವನ ಎದುರು ಬಂದು ನಿಂತ. "ನೀವು ಬೇಡ ಅಂದಿದ್ದಿರಿ ಅವ್ವಾರೆ. ಮೂರು ಸಲ ಅಂದಿದ್ದಿರಿ. ಯಾಕೆ ಹೇಳಲಿಲ್ಲ?"

"ಬೇಡ ಅಂದೆ, ಸೋತೆ. ಸೋತ ಮೇಲೂ ಇದೇ ಕಂಬಳಿಯ ಮೇಲೆ ಕೂತೆನಲ್ಲಪ್ಪ? ಆಗಲೇ ಅದು ನನ್ನ ಮಾತೂ ಆಯಿತು. ಗುದ್ದಲಿ ತಗೋ, ಹೋಗು."

ಹೋದ. ರೇಷ್ಮೆ ರುಮಾಲು ಬಿಚ್ಚಿ ಗೂಟಕ್ಕೆ ಹಾಕಿ, ಪಂಚೆ ಎತ್ತಿಕಟ್ಟಿ ತಾನೇ ಅಗೆದ. ಈ ಸಲ ಹುಲ್ಲನ್ನು ಕೇಳಲಿಲ್ಲ, ಕುಂಬಾರರನ್ನು ಕೇಳಿದ. ಎಲ್ಲಿಯವರೆಗೆ ಜೇಡಿಮಣ್ಣು ಇದೆ? ಎಲ್ಲಿ ಬಂಡೆ? ಗಾಡಿ ಎಲ್ಲಿ ಬಳಸಲಿ? ಅವರು ತೋರಿಸಿದಲ್ಲಿ ದಾರಿ ಬಾಗಿಸಿದ. ಉಳಿದ ಐವರು ಮಂತ್ರಿಗಳೂ ಬಂದು ಮಣ್ಣಿನ ಮಂಕರಿ ಹೊತ್ತರು. ಅಗೆಯುವಾಗೆಲ್ಲ ಆ ಮಂಡಿಯ ಮೇಲಿನ ಕೈ ಅವನಿಗೆ ನೆನಪಾಗುತ್ತಿತ್ತು. ಹೆತ್ತವಳೂ ಅಷ್ಟು ಕಾಯುತ್ತಿದ್ದಳೋ ಇಲ್ಲವೋ ಅಂದುಕೊಳ್ಳುತ್ತಿದ್ದ.

ಹುಣ್ಣಿಮೆಯ ಬೆಳಗ್ಗೆ ಸಭೆ ತುಂಬಿತ್ತು. ಕೆಂಚಪ್ಪಯ್ಯ ಹೇಳಿದಂತೆಯೇ ಕಂಬಳಿಯ ಅಂಚು ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದ. ಈರಕ್ಕ ನೀರು ತುಂಬಿದ ಹೊಸ ಗಡಿಗೆ ತಲೆಯ ಮೇಲಿಟ್ಟುಕೊಂಡು ಬಂದಳು. ಅಂಗೈ ಎರಡೂ ಕೆಸರು. ಗಡಿಗೆ ಇಳಿಸಿ, ಬೊಮ್ಮಣ್ಣನ ಬೊಬ್ಬೆ ಎದ್ದ ಕೈ ನೋಡಿದಳು.

"ಮಣ್ಣು ಸಿಕ್ಕಿತಪ್ಪ. ಯಾರ ಕೆಲಸ ಇದು?"

ಸಭೆಯೆಲ್ಲ ಕಿವಿ ನಿಮಿರಿಸಿತು. ಈಗ ಬರುತ್ತೆ ನೋಡು, ನಾನು, ನಾನು, ನಾನು. ನೀವೂ ಹಾಗೇ ಅಂದುಕೊಂಡಿರಿ ತಾನೆ?

ಬೊಮ್ಮಣ್ಣ ಹೊನ್ನವ್ವನ ಮುಖ ನೋಡಿದ. ಅವನ ಕಣ್ಣು ತುಂಬಿತ್ತು.

"ನಮ್ಮ ಕೆಲಸ, ಈರಕ್ಕ," ಅಂದ.

ಕೆಂಚಪ್ಪಯ್ಯ ಅಂಚು ಬಿಟ್ಟು, ಕೈ ಒರೆಸಿಕೊಂಡು ಎದ್ದ. ಹೊನ್ನವ್ವ ಹೊಸ ಗಡಿಗೆಯ ನೀರು ಬಗ್ಗಿಸಿ ಮೊದಲ ಲೋಟವನ್ನು ಬೊಮ್ಮಣ್ಣನಿಗೇ ಕೊಟ್ಟಳು.

ಆ ದಾರಿ ಇವತ್ತಿಗೂ ಕುಂಬಾರರ ಗುಂಡಿಯ ಹತ್ತಿರ ಬಾಗಿ ನಮಸ್ಕಾರ ಮಾಡಿ ಮುಂದೆ ಹೋಗುತ್ತೆ. ಅವರು ಅಲ್ಲಿ ಗಡಿಗೆ ತುಂಬಿಕೊಂಡರು, ನಾವಿಲ್ಲಿ ಹೊಟ್ಟೆ ತುಂಬಾ ಕಥೆ ತುಂಬಿಕೊಂಡೆವು. ನಾಳೆ ಯಾರಾದರೂ ಯಾರ ಕಥೆ ಇದು ಅಂತ ಕೇಳಿದರೆ ನನ್ನ ಹೆಸರು ಹೇಳಬೇಡಿ. ನಮ್ಮ ಕಥೆ ಅನ್ನಿ.