ಪಾಠದ ನಡುವೆ ಬರುವ ಫೋಟೊಗಳು

ಒಡೆದು ಹಾಕಿ ಮೇಡಂ! ನನ್ನ ಕಣ್ಣೆದುರೇ ಒಡೆದು ಹಾಕಿ ಆ ಫೋನನ್ನ! ಹೋದ ವರ್ಷ ಕ್ಲಾಸಿಗೇ ಮೊದಲು ಬಂದ ನನ್ನ ಮಗಳು, ಈ ಸಲ ಡುಮ್ಕಿ ಮೇಲೆ ಡುಮ್ಕಿ. ಪಾಠ ನಡೀವಾಗ ಬೆಂಚಿನ ಕೆಳಗೆ ಫೋನು, ಆಮೇಲೆ ನೀರಿನ ನೆಪ ಹೇಳಿ ಆಚೆ... ಇನ್ನೇನಾಗುತ್ತೆ? ಕಿತ್ಕೊಂಡಿದ್ದೇ ಸರಿ. ಪರೀಕ್ಷೆಗೆ ಮಾತ್ರ ಕೂರಿಸಿ, ನಿಮ್ಮ ಕಾಲಿಗೆ ಬೀಳ್ತೀನಿ.

ಆದ್ರೆ... ಒಡೆಯೋದೇನೂ ಬೇಡ ಬಿಡಿ. ಅವಳ ಕೈಗೇ ಕೊಟ್ಬಿಡಿ. ಇವತ್ತೇ. ಈಗ್ಲೇ ಆದ್ರೆ... ಯಾಕೆ ನಗ್ತೀರಿ? ನಾನೇ ಬುದ್ಧಿ ಹೇಳ್ಕೋತೀನಿ ಅಂತ, ಅಷ್ಟೆ!

ನಾನಾ? ಮನೆ ಮನೆಗೆ ಪಾರ್ಸೆಲ್ ಮುಟ್ಟಿಸ್ತೀನಿ. ಅದಕ್ಕೂ ಮುಂಚೆ ಏನೇನು ಮಾಡಿಲ್ಲ ಕೇಳಿ! ಹೋಟೆಲಲ್ಲಿ ಲೋಟ ತೊಳೆದೆ, ಸರ್ಕಸ್ಸಿಗೆ ಡೇರೆ ಕಟ್ಟಿದೆ, ದೋಣಿಗೆ ಬಣ್ಣ ಬಳಿದೆ. ಒಂದು ಕಡೆ ಕಾಲು ನಿಂತ್ರೆ ತಾನೆ? ಸ್ಕೂಲಲ್ಲೂ ನಿಲ್ಲಲಿಲ್ಲ, ಎರಡನೇ ಕ್ಲಾಸಿಗೇ... ಇರ್ಲಿ, ಅದ್ಯಾಕೀಗ.

ಅವಳೇನಂದ್ಲು? ಬಾಯೇ ಬಿಡ್ಲಿಲ್ವಾ? ಯಾರೋ ಹುಡುಗ ಇರ್ಬೇಕು ಮೇಡಂ. ವಯಸ್ಸು ನೋಡಿ. ಚೆನ್ನಾಗಿ ಬೈದಿದ್ದೀನಿ... ಅಲ್ಲ, ಬೈತೀನಿ.

ಫೋನ್ ಯಾಕೆ ಈ ಕಡೆ ತಿರುಗಿಸ್ತೀರಿ? ಅವಳ ಕೈಲಿ ಲಾಕ್ ತೆಗೆಸಿದ್ರಾ? ಫೋಟೊಗಳಾ? ಮಕ್ಕಳ ಫೋಟೊ ಅಪ್ಪ ನೋಡಬಾರ್ದು ಬಿಡಿ...

ಮೇಡಂ?

ಒಂದೊಂದನ್ನೂ ಯಾಕೆ ದೊಡ್ಡದು ಮಾಡಿ ನೋಡ್ತೀರಿ? ಬೈಯಿರಿ ಬೇಕಾದ್ರೆ.

...ಹೂಂ. ಡಬ್ಬಗಳೇ. ಎಲ್ಲಾ ಪಾರ್ಸೆಲ್ ಡಬ್ಬಗಳು. ವಿಳಾಸದ ಚೀಟಿ ಕಾಣೋ ಹಾಗೆ ತೆಗೆದಿದ್ದು. ಮೂಲೇಲಿ ಆ ಹೆಬ್ಬೆರಳು... ನಂದೇ. ನಾನು ಕಳಿಸ್ತೀನಿ, ಅವಳು ಎದ್ದು ಆಚೆ ಹೋಗಿ ಯಾವ ಬೀದಿ, ಯಾವ ಮನೆ ಅಂತ ಮಾತಲ್ಲೇ ಹೇಳಿ ಕಳಿಸ್ತಾಳೆ.

ಮೊದಲು ಬೀದಿಯವರನ್ನೇ ಚೀಟಿ ಓದಿ ಹೇಳಿ ಅಂತ ಕೇಳಿದ್ದೆ ಮೇಡಂ. ಓದೋಕೆ ಬರದೋನಿಗೆ ಈ ಕೆಲಸ ಯಾರಪ್ಪಾ ಕೊಟ್ಟೋರು ಅಂತ ನಕ್ಕರು. ಮಾಲೀಕನ ಕಿವಿಗೆ ಬಿದ್ರೆ ಅವತ್ತಿಗೇ ಮುಗೀತು. ನನಗೂ ವಯಸ್ಸಾಯ್ತಲ್ಲ, ಇನ್ನೆಲ್ಲಿ ಡೇರೆ ಕಟ್ಟೋಕೆ ಹೋಗ್ಲಿ?

ಅವಳು ಹೇಳ್ಲೇ ಇಲ್ವಾ? ಹುಡುಗನ ಸಹವಾಸವೇನೇ ಅಂತ ನೀವು ಕೇಳ್ದಾಗ್ಲೂ? ತಲೆ ತಗ್ಗಿಸಿ... ನಿಂತ್ಲಾ?

ಅಯ್ಯೋ ನನ್ನವ್ವಾ.

ಪರೀಕ್ಷೆಗೆ ಕೂರಿಸಿ ಮೇಡಂ. ಫೋನ್ ನಿಮ್ಮ ಬೀರುವಿನಲ್ಲೇ ಬಿದ್ದಿರ್ಲಿ. ಇನ್ನೊಂದು ಫೋಟೊ ಕಳಿಸಿದ್ರೆ ನನ್ನ ಕೈ ಸೇದಿ ಹೋಗ್ಲಿ.

ಬರ್ತೀನಿ.

...ಮೇಡಂ, ಸಿಟ್ಟಾಗ್ಬೇಡಿ. ಬೆಳಗ್ಗೆಯಿಂದ ಗಾಡಿ ತುಂಬಿದ್ದು ತುಂಬಿದ ಹಾಗೇ ಗೇಟಿನ ಹತ್ರ ನಿಂತಿದೆ. ಅವಳನ್ನ... ಒಂದೇ ಒಂದು ಗಳಿಗೆ ಕ್ಲಾಸಿಂದ ಆಚೆ ಕಳಿಸ್ತೀರಾ?