ಹೊರಗಿನ ಪಾಠ

"ಹಲೋ… ಯಾರು ಮಾತಾಡ್ತಿರೋದು?… ಶಾಲೆಯಿಂದಾ? ರಾಂಗ್ ನಂಬರ್ ಇರ್ಬೇಕು ನೋಡಿ. ನಮ್ಮ ಮಕ್ಕಳು ಶಾಲೆಗೆ ಹೋಗಲ್ಲ."

ತಾಯಿ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಸೂಟ್‌ಕೇಸಿಗೆ ಸ್ವೆಟರುಗಳನ್ನು ತುರುಕುತ್ತಿದ್ದಳು. ಭಾನುವಾರ ಮುಂದಿನ ದೇಶಕ್ಕೆ ಹೊರಡುವುದಿತ್ತು. ಸಣ್ಣ ಮಗ ಊಟದ ಮೇಜಿನ ಮೇಲೆ ಭೂಪಟಕ್ಕೆ ಬಣ್ಣ ತುಂಬುತ್ತಿದ್ದ. ದೊಡ್ಡವಳು ಜ್ವರ ಬಿಟ್ಟು ಒಳಕೋಣೆಯಲ್ಲಿ ಮಲಗಿದ್ದಳು.

"ಹಾಂ?… ಕೂಲಿಗೇನೂ ಕಳಿಸ್ತಿಲ್ಲ ಟೀಚರ್, ಗಾಬರಿ ಆಗ್ಬೇಡಿ. ನಾವು ದೇಶ ದೇಶ ಸುತ್ತೋರು. ಅವರಪ್ಪ ನಕ್ಷೆ ಬರೀತಾರೆ, ಎಲ್ಲಿ ಕೂತ್ರೂ ಆಗೋ ಕೆಲಸ. ಮಕ್ಕಳಿಗೆ ನಾನೇ ಪಾಠ ಹೇಳ್ಕೊಡ್ತೀನಿ. ಪ್ರಪಂಚಾನೇ ಶಾಲೆ, ಅಲ್ವಾ?… ಅದಿರ್ಲಿ, ನಿಮಗೆ ಯಾರು ಬೇಕಿತ್ತು?"

"… ಗುಬ್ಬಿನಾ?"

"ಗುಬ್ಬಿ ನಮ್ಮ ದೊಡ್ಡವಳೇ. ಮನೇಲಿ ಕರೆಯೋ ಹೆಸರು… ಹಾಂ, ಎರಡು ಜಡೆ. ಹಾಂ, ಮುಂದಿನ ಹಲ್ಲು ಚೂರು ಮುರಿದಿದೆ… ಮೂರು ದಿನದಿಂದ ಬಂದಿಲ್ವಾ? ಎಲ್ಲಿಗೆ ಬಂದಿಲ್ಲ?"

ಸ್ವೆಟರು ಕೈಯಲ್ಲೇ ಉಳಿಯಿತು. ಈ ಊರಿಗೆ ಬಂದಾಗಿನಿಂದ ಬೆಳಿಗ್ಗೆ ಹೊತ್ತು ಗುಬ್ಬಿಗೆ 'ಹೊರಗಿನ ಪಾಠ'. ಬೀದಿ ಕೊನೆಯ ಗ್ರಂಥಾಲಯಕ್ಕೆ ಹೋಗಿ, ಓದಿದ್ದನ್ನು ಊಟದ ಹೊತ್ತಿಗೆ ಬಂದು ಹೇಳಬೇಕು. ಹುಡುಗಿ ಜ್ವರ ಬರುವ ತನಕ ಒಂದು ದಿನವೂ ತಪ್ಪಿಸಿರಲಿಲ್ಲ. ಅದನ್ನು ತಾಯಿ ನೆಂಟರಿಗೆಲ್ಲ ಹೇಳಿಕೊಂಡಿದ್ದಳು.

"ಸೇರಿಸ್ಕೊಂಡೋರು ಯಾರು?… ಅವಳೇ ಬಂದು ಕೂತ್ಲಾ?… ಈ ನಂಬರೂ ಅವಳೇ ಕೊಟ್ಲಾ?… ಕಾಗದಪತ್ರ ಎಲ್ಲ ಅಮ್ಮ ತರ್ತಾರೆ ಅಂದ್ಲಾ. ಅಮ್ಮ ಅಂದ್ರೆ ನಾನು… ನೀವು ನಂಬಿದ್ರಾ?… ಹೂಂ, ಬಿಡಿ, ನಾನೂ ನಂಬಿದ್ದೆ."

"ಏನಂದ್ರಿ? ಭಾಗಾಕಾರ ಬರಲ್ವಾ? ನೋಡಿ ಟೀಚರ್, ಅದನ್ನ ನಾನೇ ಹೇಳ್ಕೊಟ್ಟಿದ್ದು. ಹಡಗಲ್ಲಿ. ವಾಂತಿ ಮಾಡ್ಕೊಂಡು ಹೇಳ್ಕೊಟ್ಟಿದ್ದೀನಿ… ಶೇಷ ಬರೆಯೋದು ಮರೀತಾಳಾ?… ಅದು ನಾನು ಹೇಳ್ಕೊಟ್ಟಿರ್ಲಿಲ್ಲ."

"ಮಾತು ಜಾಸ್ತಿನಾ? ನಮ್ಮ ಗುಬ್ಬೀದಾ? ಮನೇಲಿ ಬಾಯೇ ಬಿಡಲ್ವಲ್ಲ… ಪಕ್ಕದಲ್ಲಿ ಕೂರೋಳ ಜೊತೆನಾ? ಯಾರದು?… ಔಷಧಿ ಅಂಗಡಿಯವರ ಮಗಳಾ… ಅಳ್ತಿದಾಳಾ? ಯಾಕೆ?… ಗುಬ್ಬಿ ಬರ್ಲಿಲ್ಲ ಅಂತ."

"ಇನ್ನೊಂದು ವಿಷಯನಾ? ಹೇಳಿ… ನೋಡಿದ ಊರಿನ ಬಗ್ಗೆ ಎದ್ದು ನಿಂತು ಹೇಳಿ ಅಂದ್ರಾ? ಅವಳನ್ನ ಕೇಳ್ಬೇಕಿತ್ತು ನೀವು! ಮರಳುಗಾಡು ನೋಡಿದಾಳೆ, ಹಿಮ ನೋಡಿದಾಳೆ, ತಿಮಿಂಗಿಲದ ಬಾಲ… ಕೇಳಿದ್ರಾ?… ಏನಂದ್ಲು?"

ತಾಯಿ ಮಡಚಿಟ್ಟ ಬಟ್ಟೆಗಳ ಮೇಲೆಯೇ ಕೂತುಬಿಟ್ಟಳು.

"ಎಲ್ಲಿಗೂ ಹೋಗಿಲ್ಲ ಅಂದ್ಲಾ… ಹುಟ್ಟಿದಾಗಿನಿಂದ ಇದೇ ಬೀದೀಲಿ ಇದೀವಿ ಅಂತನಾ… ಹಾಂ. ಹಾಂ, ಕೇಳಿಸ್ತಾ ಇದೆ."

"ಇಲ್ಲ, ಬೈಯಲ್ಲ… ಒಂದು ಉಪಕಾರ ಮಾಡಿ ಟೀಚರ್. ಕ್ಲಾಸಲ್ಲಿ ಏನೂ ಹೇಳೋಕೆ ಹೋಗ್ಬೇಡಿ. ಅವಳು ಹೇಳಿದ್ದೇ ಇರ್ಲಿ."

ತಲೆಯೆತ್ತಿದರೆ ಗುಬ್ಬಿ ಹೊದಿಕೆ ಸುತ್ತಿಕೊಂಡು ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಾಗಿತ್ತೋ. ತಾಯಿ ಅವಳನ್ನೇ ನೋಡುತ್ತ ಮಾತು ಮುಂದುವರಿಸಿದಳು.

"ಸೋಮವಾರ ಎಷ್ಟು ಹೊತ್ತಿಗೆ ಬೆಲ್ ಹೊಡೀತೀರಿ?… ಬರ್ತಾಳೆ… ಭಾನುವಾರ ಊರು ಬಿಡೋದಿತ್ತು, ಬಿಡಲ್ಲ… ಅವರಪ್ಪನಿಗೆ ನಾನು ಹೇಳ್ಕೋತೀನಿ. ನಕ್ಷೆ ತಾನೇ, ಇಲ್ಲೇ ಕೂತು ಬರೀಲಿ… ಪರೀಕ್ಷೆ ತನಕನಾ? ಆಮೇಲಿಂದು… ಅವಳನ್ನೇ ಕೇಳ್ತೀನಿ."

"ವಿಳಾಸನಾ?… ಬೇಕರಿ ಮೇಲಿನ ಮನೆ… ಪೂರ್ತಿ ಬೇಕಾ? ಒಂದ್ನಿಮಿಷ."

ತಾಯಿಗೆ ಗೊತ್ತಿರಲಿಲ್ಲ. ಇಂಥ ಬಾಡಿಗೆ ಮನೆಗಳು ಎಷ್ಟೋ ಬಂದು ಹೋಗಿದ್ದವು. ಬಾಗಿಲಲ್ಲಿದ್ದ ಗುಬ್ಬಿ ಮಗ್ಗಿ ಒಪ್ಪಿಸುವವಳಂತೆ ತಡವರಿಸದೆ ಹೇಳತೊಡಗಿದಳು. ತಾಯಿ ಒಂದೊಂದನ್ನೇ ಫೋನಿಗೆ ದಾಟಿಸಿದಳು.

"ಮನೆ ನಂಬರ್ ನಲವತ್ತೊಂದು… ಎರಡನೇ ಮಹಡಿ, ಎಡಗಡೆ ಬಾಗಿಲು… ಹಳೇ ಅಂಚೆಕಚೇರಿ ಅಡ್ಡರಸ್ತೆ… ಬರ್ಕೊಂಡ್ರಾ?… ಹಲೋ?… ಟೀಚರ್?… ಹಲೋ?"

ಲೈನು ಕಟ್ಟಾಗಿತ್ತು. ಗುಬ್ಬಿಯದು ಇನ್ನೂ ಮುಗಿದಿರಲಿಲ್ಲ, ಪಿನ್‌ಕೋಡ್ ಬಾಕಿಯಿತ್ತು. ಅವಳು ಅದನ್ನೂ ಹೇಳಿದಳು. ಕಿವಿಯಿಂದ ಫೋನು ತೆಗೆಯದೆ ತಾಯಿಯೂ ಹೇಳಿದಳು, ಒಂದೊಂದೇ ಅಂಕಿ.